ತನ್ನನ್ನೇ ಕಾಯುತ್ತಿದ್ದ ಸೇನಾನೆಲೆ: ಸೂಯೆಜ್ ವಲಯದಿಂದ ಬ್ರಿಟನ್ ಹೊರಟದ್ದೇಕೆ?

1956ರ ಜೂನ್ 13ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಪೋರ್ಟ್ ಸೈದ್ ಬಂದರಿನಲ್ಲಿ ಹಡಗು ಹತ್ತಿತು. ಒಪ್ಪಂದದ ಗಡುವು ಮುಗಿಯಲು ಇನ್ನೂ ಕೆಲವು ದಿನಗಳಿದ್ದವು. ಜೂನ್ 18ರಂದು ದೇಶದ ನಾಯಕ ಗಮಾಲ್ ಅಬ್ದುಲ್ ನಾಸೆರ್ ಅಲ್ಲಿನ ನೇವಿ ಹೌಸ್ ಕಟ್ಟಡದ ಮೇಲೆ ಈಜಿಪ್ಟಿನ ಬಾವುಟ ಏರಿಸಿದರು. 1882ರಲ್ಲಿ ‘ತಾತ್ಕಾಲಿಕ’ ಎಂದು ಹೇಳಿಕೊಂಡು ಬಂದ ಸೇನೆಯ 74 ವರ್ಷಗಳ ವಾಸ್ತವ್ಯ ಅಲ್ಲಿಗೆ ಮುಗಿಯಿತು. ಆರು ವಾರಗಳೊಳಗೆ ನಾಸೆರ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಿಸಿದರು. ನವೆಂಬರಿನಲ್ಲಿ ಅದೇ ಪೋರ್ಟ್ ಸೈದಿಗೆ ಬ್ರಿಟಿಷ್ ಸೈನಿಕರು ಫ್ರೆಂಚರ ಜೊತೆಗೂಡಿ ಮತ್ತೆ ಬಂದಿಳಿದರು. ಈ ಎರಡನೆಯ ಪ್ರಸಂಗದ ಬಗ್ಗೆ ಬಂದಿರುವ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ಅದರ ಗದ್ದಲದಲ್ಲಿ ಮೊದಲನೆಯ ಪ್ರಸಂಗ, ಅಂದರೆ ಯಾರೂ ಬಂದೂಕು ಹಿಡಿದು ಓಡಿಸದೆ ಬ್ರಿಟನ್ ತಾನಾಗಿ ಸಹಿ ಹಾಕಿ ಗಂಟುಮೂಟೆ ಕಟ್ಟಿದ ಸಂಗತಿ, ಮಸುಕಾಗಿಹೋಗಿದೆ.

ಆ ತೆರವಿಗೆ ಸಾಮಾನ್ಯವಾಗಿ ಎರಡು ವಿವರಣೆಗಳು ಸಿಗುತ್ತವೆ. ಈಜಿಪ್ಟಿನ ಶಾಲಾಪುಸ್ತಕಗಳ ಧಾಟಿಯಲ್ಲಿ ಹೇಳುವುದಾದರೆ, ಜನರ ಹೋರಾಟ ಪರಕೀಯರನ್ನು ಹೊರಗಟ್ಟಿತು. ಲಂಡನ್ನಿನ ಸಂಸತ್ತಿನಲ್ಲಿ ಕೇಳಿಬಂದ ವಿವರಣೆ ಬೇರೆ: ಜಲಜನಕ ಬಾಂಬಿನ ಯುಗದಲ್ಲಿ ಒಂದೇ ಜಾಗದಲ್ಲಿ ಗುಡ್ಡೆಹಾಕಿದ ಸೇನಾನೆಲೆಗೆ ಅರ್ಥವಿಲ್ಲ. ಎರಡರಲ್ಲೂ ಸತ್ಯವಿದೆ, ಎರಡೂ ಅರ್ಧ. ನೆಲೆಗೆ ಇದ್ದ ಕಾರಣಗಳು 1945ರಿಂದ 1954ರ ನಡುವೆ ಒಂದೊಂದಾಗಿ ಕಳಚಿಬಿದ್ದವು ಎಂಬುದು ಈ ಲೇಖನದ ವಾದ. ಕಳಚಿದ್ದು ಒಂದು ಬಗೆಯ ವೇಗದಲ್ಲಿ, ಅದನ್ನು ಒಪ್ಪಿಕೊಂಡದ್ದು ಇನ್ನೊಂದು ಬಗೆಯ ವೇಗದಲ್ಲಿ. ಈಜಿಪ್ಟಿನ ಪ್ರತಿರೋಧ ಆ ಕಾರಣಗಳನ್ನು ನಾಶಮಾಡಲಿಲ್ಲ; ಕಾರಣವಿಲ್ಲದೆ ಉಳಿದಿರುವುದಕ್ಕೆ ಎಷ್ಟು ಬೆಲೆ ತೆರಬೇಕೆಂದು ತೋರಿಸಿಕೊಟ್ಟಿತು.

ಬಂದ ಕಾರಣ, ಉಳಿದ ಕಾರಣ

ಕಾಲುವೆ ತೆರೆದದ್ದು 1869ರ ನವೆಂಬರ್ 17ರಂದು. ಅದರ ನಿರ್ಮಾಣಕ್ಕೆ ಅಡ್ಡಗಾಲು ಹಾಕಿದ್ದ ಬ್ರಿಟನ್ನೇ ಆಮೇಲೆ ಅದರ ಅತಿದೊಡ್ಡ ಗಿರಾಕಿಯಾಯಿತು. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ಅರಸ ಖೇದಿವ್ ಇಸ್ಮಾಯಿಲ್ ಮಾರಾಟಕ್ಕಿಟ್ಟ ಶೇರುಗಳನ್ನು 1875ರಲ್ಲಿ ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ಸುಮಾರು 40 ಲಕ್ಷ ಪೌಂಡಿಗೆ ಕೊಂಡ. ಮರುವರ್ಷ ಈಜಿಪ್ಟ್ ದಿವಾಳಿ, ಅದರ ಬೊಕ್ಕಸದ ಮೇಲೆ ಯುರೋಪಿನ ಸಾಲಿಗರ ಹತೋಟಿ, ಅದನ್ನು ಸಹಿಸದ ಕರ್ನಲ್ ಅಹ್ಮದ್ ಉರಾಬಿಯ ಬಂಡಾಯ. 1882ರ ಜುಲೈ 11ರಂದು ಬ್ರಿಟಿಷ್ ನೌಕಾಪಡೆ ಅಲೆಕ್ಸಾಂಡ್ರಿಯಾದ ಮೇಲೆ ಗುಂಡು ಹಾರಿಸಿತು. ಸೆಪ್ಟೆಂಬರ್ 13ರಂದು ತೆಲ್ ಎಲ್ ಕೆಬೀರ್‌ನಲ್ಲಿ ಜನರಲ್ ವುಲ್ಸ್‌ಲಿಯ ಬ್ರಿಟಿಷ್ ಸೇನೆ ಉರಾಬಿಯನ್ನು ಸೋಲಿಸಿತು. ಆ ಸೇನೆಯಲ್ಲಿ ಭಾರತದಿಂದ ಹೋದ ತುಕಡಿಯೂ ಇತ್ತು, ಅದರ ಖರ್ಚಿನ ಒಂದು ಪಾಲು ಭಾರತದ ಬೊಕ್ಕಸದ ತಲೆಗೇ ಬಂತು.

ಮುಂದಿನ 40 ವರ್ಷಗಳಲ್ಲಿ ‘ನಾವು ಹೊರಡುತ್ತೇವೆ’ ಎಂದು ಬ್ರಿಟನ್ ಅರವತ್ತಕ್ಕೂ ಹೆಚ್ಚು ಸಲ ಹೇಳಿತೆಂದು ಲೆಕ್ಕ ಹಾಕಿದವರಿದ್ದಾರೆ. ಎಲ್ಲವೂ ಬೂಟಾಟಿಕೆಯಲ್ಲ. 1887ರಲ್ಲಿ ಬ್ರಿಟಿಷ್ ದೂತ ಡ್ರಮಂಡ್ ವುಲ್ಫ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕುದುರಿಸಿದ ಕರಾರಿನ ಪ್ರಕಾರ ಮೂರು ವರ್ಷದಲ್ಲಿ ಸೇನೆ ಹೊರಡಬೇಕಿತ್ತು, ಅಪಾಯ ಕಂಡರೆ ಮರಳಿ ಬರುವ ಹಕ್ಕನ್ನು ಉಳಿಸಿಕೊಂಡು. ಫ್ರಾನ್ಸ್ ಮತ್ತು ರಷ್ಯಾ ಒತ್ತಡ ಹಾಕಿದ್ದರಿಂದ ತುರ್ಕಿಯ ಸುಲ್ತಾನ ಅದಕ್ಕೆ ಅಂಕಿತ ಹಾಕಲಿಲ್ಲ. ‘ಹೋಗುತ್ತೇವೆ, ಆದರೆ ಬಾಗಿಲಿನ ಕೀಲಿಕೈ ನಮ್ಮಲ್ಲಿರಲಿ’ ಎಂಬ ಈ ಸೂತ್ರವೇ 67 ವರ್ಷಗಳ ನಂತರ ಬೇರೆ ಶಾಯಿಯಲ್ಲಿ ಮತ್ತೆ ಬರೆಯಲ್ಪಟ್ಟಿತು.

ಯಾಕೆ ಉಳಿದರು ಎಂಬುದಕ್ಕೆ ಇತಿಹಾಸಕಾರರಾದ ರೊನಾಲ್ಡ್ ರಾಬಿನ್ಸನ್ ಮತ್ತು ಜಾನ್ ಗಲ್ಲಾಘರ್ 1961ರಲ್ಲಿ ಕೊಟ್ಟ ಉತ್ತರ ಇಂದಿಗೂ ಚರ್ಚೆಯ ಕೇಂದ್ರದಲ್ಲಿದೆ: ಭಾರತದ ದಾರಿ. ಸಾಲಿಗರ ಪಾತ್ರವನ್ನು ಅವರು ಕಡಿಮೆ ಅಂದಾಜು ಮಾಡಿದರೆಂಬ ಟೀಕೆ ನ್ಯಾಯವಾದದ್ದೇ. ಬಂದದ್ದಕ್ಕೆ ಸಾಲ ಎಷ್ಟು ಕಾರಣ, ಕಾಲುವೆ ಎಷ್ಟು ಕಾರಣ ಎಂದು ವಾದಿಸಬಹುದು. ಉಳಿದದ್ದಕ್ಕೆ ಮಾತ್ರ ಭಾರತವೇ ಕಾರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈ ಸಂಬಂಧ ಎರಡೂ ದಿಕ್ಕಿನಲ್ಲಿ ಹರಿಯುತ್ತಿತ್ತು. ಕಾಲುವೆ ಭಾರತವನ್ನು ಕಾಯಿತು, ಭಾರತದ ಸಿಪಾಯಿಗಳು ಕಾಲುವೆಯನ್ನು ಕಾಯ್ದರು. 1915ರ ಫೆಬ್ರವರಿಯಲ್ಲಿ ಸಿನಾಯ್ ಮರುಭೂಮಿ ದಾಟಿ ಬಂದ ತುರ್ಕಿ ಸೇನೆಯನ್ನು ದಡದ ಮೇಲೆ ತಡೆದವರಲ್ಲಿ ಬಹುಪಾಲು ಭಾರತೀಯರು. ಕಾಲುವೆಯ ಕಾವಲಿಗೆ ದೇಶೀ ಸಂಸ್ಥಾನಗಳಿಂದ ಹೋಗಿದ್ದ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ದಾಳಿಯಲ್ಲಿ ಜೋಧಪುರದವರ ಜೊತೆ ಇದ್ದವರೂ ಅವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ.

ಈಜಿಪ್ಟಿನ 1919ರ ಕ್ರಾಂತಿಯ ನಂತರ ಬ್ರಿಟನ್ ಹಂತಹಂತವಾಗಿ ಹಿಂದೆ ಸರಿಯಿತು. 1922ರ ಫೆಬ್ರವರಿ 28ರ ಘೋಷಣೆ ಈಜಿಪ್ಟಿಗೆ ಸ್ವಾತಂತ್ರ್ಯ ಕೊಟ್ಟಿತು. ಸಾಮ್ರಾಜ್ಯದ ಸಂಪರ್ಕಮಾರ್ಗ, ದೇಶದ ರಕ್ಷಣೆ, ವಿದೇಶಿಯರ ಹಿತ, ಸೂಡಾನ್ ಈ ನಾಲ್ಕನ್ನು ಕೈಯಲ್ಲೇ ಇಟ್ಟುಕೊಂಡಿತು. 1936ರ ಒಪ್ಪಂದ ಸೇನೆಯನ್ನು ಕಾಲುವೆಯ ವಲಯಕ್ಕೆ ಸೀಮಿತಗೊಳಿಸಿ, ಶಾಂತಿಕಾಲದಲ್ಲಿ 10,000 ಸೈನಿಕರು ಮತ್ತು 400 ವಿಮಾನ ಚಾಲಕರ ಮಿತಿ ಹಾಕಿತು. ಅವಧಿ 20 ವರ್ಷ. ಮೈಸೂರಿನ ಇತಿಹಾಸ ಓದಿದವರಿಗೆ ಈ ತಂತ್ರ ಹೊಸದೆನಿಸದು. 1881ರಲ್ಲಿ ಐವತ್ತು ವರ್ಷಗಳ ಕಮಿಷನರ್ ಆಡಳಿತ ಕೊನೆಗೊಳಿಸಿ ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ಬೆಂಗಳೂರಿನ ದಂಡನ್ನು ಬ್ರಿಟಿಷರು ಬಿಟ್ಟುಕೊಟ್ಟಿರಲಿಲ್ಲ. ಕಚೇರಿ ಕೊಟ್ಟು ಕಂಟೋನ್ಮೆಂಟ್ ಇಟ್ಟುಕೊಳ್ಳುವುದು ಆ ಸಾಮ್ರಾಜ್ಯಕ್ಕೆ ರೂಢಿಯಾಗಿದ್ದ ಲೆಕ್ಕಾಚಾರ.

ಎರಡನೆಯ ಮಹಾಯುದ್ಧ ಆ ಮಿತಿಗಳನ್ನೆಲ್ಲ ಕೊಚ್ಚಿಕೊಂಡು ಹೋಯಿತು. 1942ರ ಫೆಬ್ರವರಿ 4ರ ರಾತ್ರಿ ರಾಯಭಾರಿ ಲ್ಯಾಂಪ್ಸನ್ ಅಬ್ದೀನ್ ಅರಮನೆಯ ಸುತ್ತ ಟ್ಯಾಂಕು ನಿಲ್ಲಿಸಿ, ತನಗೆ ಬೇಕಾದ ಪ್ರಧಾನಿಯನ್ನು ನೇಮಿಸುವಂತೆ ಫಾರೂಕ್ ದೊರೆಯನ್ನು ಬಗ್ಗಿಸಿದ. ಆ ರಾತ್ರಿಯ ಅವಮಾನವನ್ನು ನಾಸೆರ್ ತಲೆಮಾರಿನ ಕಿರಿಯ ಅಧಿಕಾರಿಗಳು ಮರೆಯಲಿಲ್ಲ.

ಯುದ್ಧ ಇನ್ನೊಂದು ಸಂಗತಿಯನ್ನೂ ತಲೆಕೆಳಗು ಮಾಡಿತು. ಆರು ವರ್ಷ ಈಜಿಪ್ಟಿನಿಂದ ಕೊಂಡ ಸರಕು, ಪಡೆದ ಸೇವೆಗಳಿಗೆ ಬ್ರಿಟನ್ ಕೊಡಬೇಕಾಗಿ ಉಳಿದ ಹಣ ಸುಮಾರು 40 ಕೋಟಿ ಪೌಂಡ್. 1882ರಲ್ಲಿ ಸಾಲ ವಸೂಲಿಯ ನೆಪ ಹಿಡಿದು ಬಂದ ದೇಶ 1945ರ ಹೊತ್ತಿಗೆ ತಾನೇ ಸಾಲಗಾರನಾಗಿತ್ತು. ತೆರವಿನ ಕಾರಣಗಳ ಚರ್ಚೆಯಲ್ಲಿ ಈ ಅಂಕಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

ಆಟ್ಲಿಯ ಪ್ರಶ್ನೆ

ನೆಲೆಯ ಅಗತ್ಯವನ್ನೇ ಮೊದಲು ಪ್ರಶ್ನಿಸಿದವರು ಈಜಿಪ್ಟಿನವರಲ್ಲ, ಸ್ವತಃ ಬ್ರಿಟಿಷ್ ಪ್ರಧಾನಿ. 1945ರ ಶರತ್ಕಾಲದಿಂದ 1946ರವರೆಗೆ ಕ್ಲೆಮೆಂಟ್ ಆಟ್ಲಿ ರಕ್ಷಣಾ ಸಮಿತಿಯ ಮುಂದೆ ಇಟ್ಟ ಟಿಪ್ಪಣಿಗಳು ಈ ಇಡೀ ಕಥೆಯ ಅತ್ಯಂತ ಹರಿತವಾದ ದಾಖಲೆಗಳು. ವಿಮಾನ ಮತ್ತು ಅಣುಬಾಂಬಿನ ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಹಡಗುಗಳಿಗೆ ತೆರೆದಿಡುವುದು ಆಗದ ಮಾತು. ಯುದ್ಧದಲ್ಲೇ ನಮ್ಮ ಹಡಗುಗಳು ಆಫ್ರಿಕಾದ ತುದಿಯ ಕೇಪ್ ಸುತ್ತಿ ಹೋಗಲಿಲ್ಲವೇ? ಭಾರತ ಸ್ವತಂತ್ರವಾಗುತ್ತಿರುವಾಗ ಭಾರತದ ದಾರಿಯನ್ನು ಕಾಯುವುದು ಯಾರಿಗಾಗಿ? ಸೋವಿಯತ್ ಒಕ್ಕೂಟ ಮತ್ತು ಆಫ್ರಿಕಾದ ನಡುವೆ ಅರಬ್ ಮರುಭೂಮಿಯ ಹರವು ಖಾಲಿ ಬಿದ್ದಿದ್ದರೇನು ನಷ್ಟ? ಅವರ ತರ್ಕದ ಸಾರ ಇಷ್ಟು. ಅದರ ಹಿಂದೆ ಬರಿದಾದ ಬೊಕ್ಕಸವಿತ್ತು. ಬ್ರಿಟನ್ ಆಗಷ್ಟೇ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಿತ್ತು. 1947ರ ಫೆಬ್ರವರಿಯಲ್ಲಿ ಗ್ರೀಸ್ ಮತ್ತು ತುರ್ಕಿಗೆ ನೆರವು ಕೊಡಲು ತನ್ನಿಂದಾಗದೆಂದು ಅಮೆರಿಕಕ್ಕೆ ತಿಳಿಸಿ ಕೈಚೆಲ್ಲುವುದರಲ್ಲಿತ್ತು.

ಸೇನಾ ಮುಖ್ಯಸ್ಥರು ಬಗ್ಗಲಿಲ್ಲ. ಭಾರತ ಹೋಗುತ್ತಿದೆಯೆಂದು ಅವರಿಗೂ ಗೊತ್ತಿತ್ತು. ಅದರ ಬದಲಿಗೆ ಹೊಸ ಕಾರಣ ಹುಡುಕಿಕೊಂಡಿದ್ದರು. ಸೋವಿಯತ್ ಒಕ್ಕೂಟದೊಡನೆ ಯುದ್ಧವಾದರೆ ಕಾಕಸಸ್ಸಿನ ತೈಲಬಾವಿಗಳನ್ನೂ ದಕ್ಷಿಣ ರಷ್ಯಾದ ಕಾರ್ಖಾನೆಗಳನ್ನೂ ಬಾಂಬು ಹಾಕಿ ಕೆಡವಬೇಕು. ಆಗಿನ ಬಾಂಬರ್ ವಿಮಾನಗಳಿಗೆ ಇಂಗ್ಲೆಂಡಿನಿಂದ ಆ ದೂರ ಎಟುಕದು, ಈಜಿಪ್ಟಿನಿಂದ ಎಟುಕುತ್ತದೆ. ಕಾಲುವೆ ವಲಯದ ಅಬು ಸುವೇರ್ ವಿಮಾನನೆಲೆಯ ಮೇಲೆ ಅಮೆರಿಕನ್ನರ ಕಣ್ಣೂ ಬಿದ್ದಿತ್ತು. 1947ರ ಜನವರಿಯಲ್ಲಿ ಭೂಸೇನೆಯ ಮುಖ್ಯಸ್ಥ ಮಾಂಟ್ಗೊಮರಿ ಮತ್ತು ಉಳಿದಿಬ್ಬರು ಮುಖ್ಯಸ್ಥರು, ಮಧ್ಯಪ್ರಾಚ್ಯ ಬಿಡುವುದಾದರೆ ನಾವೂ ಹುದ್ದೆ ಬಿಡುತ್ತೇವೆ ಎಂದು ಪ್ರಧಾನಿಗೆ ತಿಳಿಸಿದರು. ಮಾಂಟ್ಗೊಮರಿ ತನ್ನ ಆತ್ಮಕಥೆಯಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾನೆ. ಆಟ್ಲಿ ಹಿಂದೆಗೆದರು.

ಇಲ್ಲಿ ಗಮನಿಸಬೇಕಾದದ್ದು ಕಾರಣ ಬದಲಾದ ಬಗೆ. ನೆಲೆ ಹಾಗೇ ಇತ್ತು, ಅದರ ಸಮರ್ಥನೆ ಮಾತ್ರ ಭಾರತದಿಂದ ಕಾಕಸಸ್ಸಿನ ಬಾಕುವಿಗೆ ಜಿಗಿಯಿತು. ಒಮ್ಮೆ ಕಟ್ಟಿದ ನೆಲೆ ತನಗೊಂದು ಕೆಲಸ ಹುಡುಕಿಕೊಳ್ಳುತ್ತದೆ. ಪರ್ಯಾಯದ ಹುಡುಕಾಟವೂ ನಡೆಯಿತು. ಪೂರ್ವ ಆಫ್ರಿಕಾದ ಮೊಂಬಾಸಾ ಕಡೆಗೆ ಸರಿದು, ಖಂಡವನ್ನು ಅಡ್ಡಹಾಯುವ ರಸ್ತೆಯಿಂದ ಲಾಗೋಸಿಗೆ ಸಂಪರ್ಕ ಕಲ್ಪಿಸುವ ಕನಸನ್ನು ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ ಸ್ವಲ್ಪ ಕಾಲ ಕಂಡರು. ಕೀನ್ಯಾದ ಮೆಕಿನನ್ ರೋಡ್ ಎಂಬಲ್ಲಿ ದೊಡ್ಡ ಉಗ್ರಾಣವೊಂದರ ಕೆಲಸ ಶುರುವಾಗಿ ಹಣ ನುಂಗಿ ಅರ್ಧಕ್ಕೆ ನಿಂತಿತು. ಕುರುಚಲು ಕಾಡಿನ ಮಧ್ಯೆ, ಬಂದರಿನಿಂದ ದೂರ, ಕೂಲಿಯಾಳು ಸಿಗದ ಜಾಗದಲ್ಲಿ ಸೂಯೆಜ್‌ನಂಥದ್ದನ್ನು ಕಟ್ಟುವುದು ಆಗುವ ಕೆಲಸವಾಗಿರಲಿಲ್ಲ.

ಮಾತುಕತೆಯ ದಾರಿಯೂ ಮುಚ್ಚಿತು. 1946ರ ಮೇಯಲ್ಲಿ ಬ್ರಿಟನ್ ತೆರವಿಗೆ ತಾತ್ವಿಕವಾಗಿ ಒಪ್ಪಿತ್ತು. ಕೈರೋದ ಕೋಟೆ ಅದೇ ವರ್ಷ, ನಗರದ ಉಳಿದ ಬ್ಯಾರಕ್ಕುಗಳು 1947ರ ಮಾರ್ಚ್ ಹೊತ್ತಿಗೆ ಖಾಲಿಯಾದವು. ಬೆವಿನ್ ಮತ್ತು ಈಜಿಪ್ಟಿನ ಪ್ರಧಾನಿ ಸಿದ್ಕಿ 1946ರ ಅಕ್ಟೋಬರಿನಲ್ಲಿ ಕರಡಿಗೂ ಒಪ್ಪಿದ್ದರು. ಅದು ಮುರಿದದ್ದು ಕಾಲುವೆಯ ಮೇಲಲ್ಲ, ಸೂಡಾನಿನ ಮೇಲೆ. ನೈಲ್ ಕಣಿವೆ ಒಂದೇ, ಅದರ ದೊರೆ ಒಬ್ಬನೇ ಎಂಬ ಹಟವನ್ನು ಫಾರೂಕ್ ಬಿಡಲಿಲ್ಲ. ಸೂಡಾನಿಗರ ಸ್ವನಿರ್ಣಯವನ್ನು ಒತ್ತೆಯಿಡಲು ಲಂಡನ್ ಒಪ್ಪಲಿಲ್ಲ.

ನೆಲೆಯೊಳಗಿನ ಲೆಕ್ಕ

ನೆಲೆ ಎಂದರೆ ಒಂದು ಬೇಲಿಯೊಳಗಿನ ಪಾಳೆಯವಲ್ಲ. ಪೋರ್ಟ್ ಸೈದ್‌ನಿಂದ ಸೂಯೆಜ್‌ವರೆಗೆ ಕಾಲುವೆಯ ಪಶ್ಚಿಮಕ್ಕೆ ಉದ್ದಕ್ಕೂ ಹರಡಿದ್ದ, ಹತ್ತು ವಿಮಾನನೆಲೆಗಳೂ ಮೂವತ್ತಕ್ಕಿಂತ ಹೆಚ್ಚು ಶಿಬಿರಗಳೂ ಇದ್ದ ಒಂದು ನಾಡು. ತೆಲ್ ಎಲ್ ಕೆಬೀರ್‌ನ ಶಸ್ತ್ರಾಗಾರ, ಫಾಯಿದ್‌ನ ಕೇಂದ್ರ ಕಚೇರಿ, ಇಸ್ಮಾಯಿಲಿಯಾ ಪಕ್ಕದ ಮೊಆಸ್ಕರ್ ಠಾಣ್ಯ. ಇವುಗಳ ನಡುವೆ ರೈಲು, ರಿಪೇರಿ ಕಾರ್ಖಾನೆ, ಆಸ್ಪತ್ರೆ, ಇಂಧನದ ಟ್ಯಾಂಕುಗಳು, ಬೇಕರಿ. ಮಾರ್ಷಲ್‌ಗಳ ನಕ್ಷೆಯಲ್ಲಿ ಇದು ಬಾಣದ ಗುರುತಿನ ಬುಡ. ನೆಲದ ಮೇಲೆ ಹತ್ತಾರು ಸಾವಿರ ಈಜಿಪ್ಟ್ ಕಾರ್ಮಿಕರು ದಿನಾ ಬೆಳಗ್ಗೆ ಕೆಲಸಕ್ಕೆ ಬಂದರಷ್ಟೇ ನಡೆಯುವ ಒಂದು ಊರು. ಕುಡಿಯುವ ನೀರು ಕೂಡ ನೈಲ್‌ನಿಂದ ಬರುವ ಸಿಹಿನೀರಿನ ಕಾಲುವೆಯದು.

1951ರ ಅಕ್ಟೋಬರ್ 8ರಂದು ಪ್ರಧಾನಿ ನಹಾಸ್ ಪಾಷಾ 1936ರ ಒಪ್ಪಂದವನ್ನು ರದ್ದು ಮಾಡುವುದಾಗಿ ಘೋಷಿಸಿದಾಗ ಈ ಅವಲಂಬನೆ ಬಟಾಬಯಲಾಯಿತು. ಕಾರ್ಮಿಕರು ಕೆಲಸ ಬಿಟ್ಟರು. ರೈಲ್ವೆಯವರು ಸೇನೆಯ ಸರಕು ಮುಟ್ಟಲಿಲ್ಲ. ತರಕಾರಿ ಮಾರುವವರು ಬರಲಿಲ್ಲ. ಆಮೇಲೆ ಗುಂಡು, ಬಾಂಬು, ರಾತ್ರಿ ಹೊತ್ತು ತಂತಿ ಕತ್ತರಿಸುವವರು. ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸಕ್ಕೆ ಸೈನಿಕರೇ ಇಳಿದರು. ಪೂರ್ವ ಆಫ್ರಿಕಾ, ಮಾರಿಷಸ್‌ಗಳ ಆಳುಗಳನ್ನು ಸೇರಿಸಿಕೊಳ್ಳಬೇಕಾಯಿತು. ಡಿಸೆಂಬರಿನಲ್ಲಿ ಸೂಯೆಜ್ ಹತ್ತಿರದ ನೀರು ಶುದ್ಧೀಕರಣ ಘಟಕಕ್ಕೆ ಸುರಕ್ಷಿತ ದಾರಿ ಮಾಡಿಕೊಳ್ಳಲು ಕಫ್ರ್ ಅಬ್ದು ಎಂಬ ಹಳ್ಳಿಯ ಮನೆಗಳನ್ನು ಬುಲ್ಡೋಜರ್‌ನಿಂದ ನೆಲಸಮ ಮಾಡಿದರು. ಒಂದು ಕೊಳಾಯಿ ಕಾಯಲು ಒಂದು ಹಳ್ಳಿ ಕೆಡವಬೇಕಾದ ನೆಲೆ ಯಾವ ಯುದ್ಧದ ಸಿದ್ಧತೆಗೆ ಒದಗೀತು? ಈ ಪ್ರಶ್ನೆ ಲಂಡನ್ನಿನಲ್ಲೂ ಕೆಲವರಿಗೆ ಹೊಳೆಯಿತು.

ಒಪ್ಪಂದ ಅನುಮತಿಸಿದ್ದ 10,000ದ ಜಾಗದಲ್ಲಿ ಸೈನಿಕರ ಸಂಖ್ಯೆ 80,000ದ ಆಸುಪಾಸಿಗೆ ಏರಿತು. ಅವರಲ್ಲಿ ಬಹಳಷ್ಟು ಮಂದಿ ಕಡ್ಡಾಯ ಸೇವೆಗೆ ಬಂದ, ಇಪ್ಪತ್ತು ತುಂಬದ ಹುಡುಗರು. ಬ್ರಿಟನ್ನಿನ ತುರ್ತು ಮೀಸಲಾಗಿದ್ದ 3ನೇ ಪದಾತಿ ಡಿವಿಜನ್ನೂ ಇಲ್ಲಿಗೇ ಬಂತು. ಅದೇ ಹೊತ್ತಿನಲ್ಲಿ ಕೊರಿಯಾದಲ್ಲಿ ಯುದ್ಧ, ಮಲಯಾದಲ್ಲಿ 1948ರಿಂದ ಕಾಡಿನ ಕಾಳಗ, 1952ರ ಅಕ್ಟೋಬರಿನಿಂದ ಕೀನ್ಯಾದಲ್ಲಿ ತುರ್ತುಸ್ಥಿತಿ, ಜರ್ಮನಿಯಲ್ಲಿ ನೇಟೋ ಬದ್ಧತೆ. ಸ್ವದೇಶದಲ್ಲಿ ತುರ್ತಿಗೆಂದು ಉಳಿದಿದ್ದ ಪಡೆ ಹೆಚ್ಚುಕಡಿಮೆ ಸೊನ್ನೆ. ಜಗತ್ತಿನ ಯಾವ ಮೂಲೆಗಾದರೂ ಸೇನೆ ಕಳಿಸಲೆಂದು ಇಟ್ಟುಕೊಂಡಿದ್ದ ನೆಲೆ, ಎಲ್ಲ ಮೂಲೆಗಳಿಂದ ಸೇನೆಯನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು. ತೆರವಿನ ಕಾರಣಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಇದನ್ನು. ಬಾಂಬಿಗಿಂತ ಮೊದಲು, ಅಮೆರಿಕದ ಒತ್ತಡಕ್ಕಿಂತ ಹೆಚ್ಚಾಗಿ, ಆಳುಗಳ ಅಭಾವ.

1952ರ ಜನವರಿ 25ರಂದು ಇಸ್ಮಾಯಿಲಿಯಾದ ಪೊಲೀಸ್ ಠಾಣ್ಯ ಶಸ್ತ್ರ ಒಪ್ಪಿಸಲು ನಿರಾಕರಿಸಿದಾಗ ಜನರಲ್ ಅರ್ಸ್ಕಿನ್ ಟ್ಯಾಂಕು ಕಳಿಸಿದ. ಸುಮಾರು 50 ಪೊಲೀಸರು ಸತ್ತರು. ಮರುದಿನ ಕೈರೋ ಹೊತ್ತಿ ಉರಿಯಿತು. ಶೆಫರ್ಡ್ಸ್ ಹೋಟೆಲ್ ಸೇರಿ ಯುರೋಪಿಯನ್ನರ ನೂರಾರು ಕಟ್ಟಡಗಳು ಬೂದಿಯಾದವು. (ಆ ಜನವರಿ 25 ಈಗಲೂ ಈಜಿಪ್ಟಿನಲ್ಲಿ ಪೊಲೀಸ್ ದಿನ. 2011ರಲ್ಲಿ ಪೊಲೀಸರ ವಿರುದ್ಧವೇ ಜನ ಬೀದಿಗಿಳಿಯಲು ಅದೇ ದಿನವನ್ನು ಆರಿಸಿಕೊಂಡರು.) ವಿದೇಶಿಯರನ್ನು ರಕ್ಷಿಸಲು ಕೈರೋ, ಅಲೆಕ್ಸಾಂಡ್ರಿಯಾಗಳಿಗೆ ನುಗ್ಗುವ ‘ರೋಡಿಯೊ’ ಎಂಬ ಯೋಜನೆ ಸಿದ್ಧವಿತ್ತು, ಅದನ್ನು ಜಾರಿಗೆ ತರಲಿಲ್ಲ. ಜುಲೈ 23ರಂದು ನಾಸೆರ್ ಬಳಗದ ಸೇನಾಧಿಕಾರಿಗಳಾದ ‘ಮುಕ್ತ ಅಧಿಕಾರಿಗಳು’ ಅಧಿಕಾರ ಹಿಡಿದಾಗಲೂ 80,000 ಸೈನಿಕರು ನೂರು ಮೈಲಿಯೊಳಗೆ ಕೈಕಟ್ಟಿ ಕೂತಿದ್ದರು. 1942ರಲ್ಲಿ ಕೆಲವು ಟ್ಯಾಂಕುಗಳಿಂದ ಸಾಧ್ಯವಾದದ್ದು ಈಗ ಒಂದು ಸೇನೆಯಿಂದಲೂ ಆಗಲಿಲ್ಲ. ಆ ಹುಡುಗರ ಸೇವೆಗೆ ಪದಕ ಸಿಕ್ಕಿದ್ದು 2003ರಲ್ಲಿ, ಐವತ್ತು ವರ್ಷಗಳ ನಂತರ.

ತುರ್ಕಿ, ಬಾಂಬು, ಚರ್ಚಿಲ್

ರಕ್ಷಣೆಯ ರೇಖೆಯೂ ಈ ನಡುವೆ ಸರಿದಿತ್ತು. 1952ರ ಫೆಬ್ರವರಿಯಲ್ಲಿ ತುರ್ಕಿ ನೇಟೋ ಸೇರಿತು. ಅಲ್ಲಿಯವರೆಗಿನ ಯೋಜನೆಗಳಲ್ಲಿ ಸೋವಿಯತ್ ಸೇನೆಯನ್ನು ಪ್ಯಾಲೆಸ್ಟೈನ್, ಲೆಬನಾನ್ ಸುಮಾರಿಗೆ ತಡೆಯುವ ಲೆಕ್ಕವಿತ್ತು, ಅದರ ಬೆನ್ನಿಗೆ ಸೂಯೆಜ್. ತುರ್ಕಿಯ ಸೇನೆ ಜೊತೆಗೆ ಬಂದ ಮೇಲೆ ಇರಾಕ್-ಇರಾನ್ ಗಡಿಯ ಜಾಗ್ರೋಸ್ ಕಣಿವೆಗಳಲ್ಲೇ ತಡೆಯಬಹುದೆಂಬ ಮಾತು ಬಲವಾಯಿತು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ 1953ರ ಮೇಯಲ್ಲಿ ಕೈರೋಗೆ ಬಂದು ಹೋದ ಮೇಲೆ ಉತ್ತರದ ಈ ಸಾಲಿನ ದೇಶಗಳ ಮೇಲೇ ಗಮನ ಇಟ್ಟರು. ಜಾಗ್ರೋಸ್‌ನ ಯುದ್ಧಕ್ಕೆ ಇಸ್ಮಾಯಿಲಿಯಾ ತೀರಾ ಹಿಂದೆ. ಮಧ್ಯಪ್ರಾಚ್ಯದ ಕೇಂದ್ರ ಕಚೇರಿಯನ್ನು ಸೈಪ್ರಸ್ಸಿಗೆ ಸಾಗಿಸುವ ನಿರ್ಧಾರ 1952ರ ಕೊನೆಯಲ್ಲೇ ಆಗಿತ್ತು.

ಇದೆಲ್ಲವನ್ನೂ ಒಪ್ಪದವರು ಒಬ್ಬರಿದ್ದರು, ಅವರೇ ಆಟ್ಲಿಯ ನಂತರದ ಪ್ರಧಾನಿ. ವಿನ್‌ಸ್ಟನ್ ಚರ್ಚಿಲ್ 1898ರಲ್ಲಿ ಓಮ್ದುರ್ಮಾನ್ ಯುದ್ಧದಲ್ಲಿ ಕುದುರೆ ಏರಿದ್ದವರು; ನೈಲ್ ಅವರಿಗೆ ಭೂಪಟದ ಗೆರೆಯಷ್ಟೇ ಆಗಿರಲಿಲ್ಲ. ವಿದೇಶಾಂಗ ಸಚಿವ ಆಂಥೊನಿ ಈಡನ್ ತೆರವಿನ ಮಾತೆತ್ತಿದಾಗಲೆಲ್ಲ ಇದು ಓಡಿಹೋಗುವ ನೀತಿ ಎಂದು ಚುಚ್ಚುತ್ತಿದ್ದರು. 1952ರ ಜನವರಿಯಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ನಿಂತು, ಕಾಲುವೆಗೆ ಹೆಸರಿಗಾದರೂ ಒಂದಿಷ್ಟು ಸೈನಿಕರನ್ನು ಕಳಿಸಿ ಎಂದು ಕೇಳಿದರು. ಅದು ಯಾರಿಗೂ ರುಚಿಸಲಿಲ್ಲ. ಅವರದೇ ಪಕ್ಷದ ‘ಸೂಯೆಜ್ ಗುಂಪು’, ಅಂದರೆ ಚಾರ್ಲ್ಸ್ ವಾಟರ್‌ಹೌಸ್, ಜೂಲಿಯನ್ ಆಮೆರಿ ಮೊದಲಾದವರು, ಪ್ರಧಾನಿಯ ಒಳಮನಸ್ಸು ತಮ್ಮ ಕಡೆಗಿದೆಯೆಂದು ತಿಳಿದಿದ್ದರು. ತಪ್ಪು ತಿಳಿದಿರಲಿಲ್ಲ.

1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಜಲಜನಕ ಬಾಂಬು ಚರ್ಚಿಲ್ಲರ ಮನಸ್ಸು ತಿರುಗಿಸಿತೆಂದು ಅನೇಕರು ಬರೆದಿದ್ದಾರೆ. ಜುಲೈ 29ರಂದು ಸಂಸತ್ತಿನಲ್ಲಿ ಅವರೇ ಆ ವಾದ ಮಂಡಿಸಿದರು. ಆದರೆ ದಿನಾಂಕಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿ. ಸೂಡಾನಿನ ಗಂಟು ಬಿಚ್ಚಿದ್ದು 1953ರ ಫೆಬ್ರವರಿ 12ರ ಒಪ್ಪಂದದಿಂದ. ಅದೇ ತಿಂಗಳಲ್ಲಿ ಈಡನ್, ಹಗೆತನದ ಈಜಿಪ್ಟಿನ ನಡುವೆ ನೆಲೆ ಹಿಡಿದುಕೊಂಡಿರುವುದು ಅದರಿಂದ ಬರುವ ಲಾಭಕ್ಕಿಂತ ದುಬಾರಿ ಎಂದು ಸಂಪುಟದ ಮುಂದೆ ವಾದಿಸಿದರು. ತೆರವಿನ ಮಾತುಕತೆ ಕೈರೋದಲ್ಲಿ ಶುರುವಾದದ್ದು ಏಪ್ರಿಲ್ 27ರಂದು. ಬಿಕಿನಿಯ ಸ್ಫೋಟಕ್ಕೆ ಆಗ ಇನ್ನೂ ಹತ್ತು ತಿಂಗಳಿತ್ತು. ಸೋವಿಯತ್ತರ ಮೊದಲ ಉಷ್ಣಪರಮಾಣು ಪರೀಕ್ಷೆಗೂ ನಾಲ್ಕು ತಿಂಗಳು ಬಾಕಿ. ಬಾಂಬು ತೀರ್ಮಾನಕ್ಕೆ ಕಾರಣವಾಗಿರಲಿಲ್ಲ. ತೀರ್ಮಾನವಾದ ಮೇಲೆ ಹಟಮಾರಿ ಮುದುಕರೊಬ್ಬರು ಮುಖ ಉಳಿಸಿಕೊಂಡು ಅದಕ್ಕೆ ಒಪ್ಪಲು ದಾರಿ ಮಾಡಿಕೊಟ್ಟಿತು. ಈಜಿಪ್ಟಿಗೆ ಸೋತು ಹೊರಟೆವು ಎನ್ನುವುದಕ್ಕಿಂತ ವಿಜ್ಞಾನ ಮುಂದೆ ಹೋಯಿತು ಎನ್ನುವುದು ಕನ್ಸರ್ವೇಟಿವ್ ಬೆಂಚುಗಳಿಗೆ ಹೇಳಲು ಸುಲಭ. ಆದರೂ ಎರಡು ಡಜನ್‌ಗಿಂತ ಹೆಚ್ಚು ಕನ್ಸರ್ವೇಟಿವ್ ಸದಸ್ಯರು ಆ ದಿನ ಸರ್ಕಾರದ ವಿರುದ್ಧ ಮತ ಹಾಕಿದರು.

ಬಾಂಬಿನ ವಾದ ಪೊಳ್ಳು ಎಂದು ಹೇಳುತ್ತಿಲ್ಲ. 1952ರ ಬೇಸಗೆಯಲ್ಲಿ ಸೇನಾ ಮುಖ್ಯಸ್ಥರು ಬರೆದ ಜಾಗತಿಕ ರಣನೀತಿಯ ದಾಖಲೆ ಅಣ್ವಸ್ತ್ರದ ಭಯವನ್ನೇ ಮುಖ್ಯ ರಕ್ಷಣೆಯಾಗಿ ಕಂಡು, ದೊಡ್ಡ ಸೇನೆಗಳ ಖರ್ಚು ಇಳಿಸುವ ದಾರಿ ತೋರಿಸಿತ್ತು. ಕೊರಿಯಾ ಯುದ್ಧದ ಹೊತ್ತಿಗೆ ಆಟ್ಲಿ ಸರ್ಕಾರ ಹಾಕಿಕೊಂಡ ಮೂರು ವರ್ಷಗಳ 470 ಕೋಟಿ ಪೌಂಡಿನ ಶಸ್ತ್ರಾಸ್ತ್ರ ಯೋಜನೆಯನ್ನು ಬ್ರಿಟನ್ನಿನ ಆರ್ಥಿಕತೆ ಹೊರಲಾರದೆಂದು ಚರ್ಚಿಲ್ಲರ ಹಣಕಾಸು ಸಚಿವ ಬಟ್ಲರ್‌ಗೆ ಸ್ಪಷ್ಟವಾಗಿತ್ತು. ಅಣ್ವಸ್ತ್ರದ ರಣನೀತಿ ಎನ್ನುವುದು ಬಹುಮಟ್ಟಿಗೆ ಮಿತವ್ಯಯದ ರಣನೀತಿಯೂ ಆಗಿತ್ತು.

ಇನ್ನೊಂದು ಲೆಕ್ಕ ಅಷ್ಟಾಗಿ ಚರ್ಚೆಗೆ ಬಂದಿಲ್ಲ: ಕ್ಯಾಲೆಂಡರಿನದು. 1936ರ ಒಪ್ಪಂದದ ಇಪ್ಪತ್ತು ವರ್ಷ 1956ಕ್ಕೆ ಮುಗಿಯುತ್ತಿತ್ತು. ಆಮೇಲೂ ಉಳಿಯುವ ಹಕ್ಕನ್ನು ವಾದಿಸಬಹುದಿತ್ತು, ಗೆಲ್ಲುವ ಖಾತ್ರಿ ಇರಲಿಲ್ಲ. ಹೊರಡುವ ಭರವಸೆಯನ್ನು ಮಾರಿ ಏನಾದರೂ ಪಡೆಯುವುದಿದ್ದರೆ ಅದನ್ನು 1954ರಲ್ಲೇ ಮಾರಬೇಕು; ಎರಡು ವರ್ಷ ಕಳೆದರೆ ಕೊಳ್ಳುವವರಿರುವುದಿಲ್ಲ.

ಸಮವಸ್ತ್ರದ ಜಗಳ

ಮಾರಾಟದ ಚೌಕಾಸಿ ಒಂದೂಕಾಲು ವರ್ಷ ನಡೆಯಿತು. ಈಡನ್ ಶಸ್ತ್ರಚಿಕಿತ್ಸೆಗೆಂದು ತಿಂಗಳುಗಟ್ಟಲೆ ದೂರ ಉಳಿದರು. 1953ರ ಜೂನಿನಲ್ಲಿ ಚರ್ಚಿಲ್‌ಗೆ ಪಾರ್ಶ್ವವಾಯು ಬಡಿಯಿತು. ಮಾತುಕತೆ ಸಿಕ್ಕಿಕೊಂಡ ಎರಡು ಅಂಶಗಳನ್ನು ನೋಡಿದರೆ ಬ್ರಿಟನ್ನಿಗೆ ನಿಜವಾಗಿ ಬೇಕಾಗಿದ್ದೇನೆಂದು ತಿಳಿಯುತ್ತದೆ. ಮೊದಲನೆಯದು, ನೆಲೆಯನ್ನು ಸುಸ್ಥಿತಿಯಲ್ಲಿಡಲು ಉಳಿಯುವ ಬ್ರಿಟಿಷ್ ತಂತ್ರಜ್ಞರು ಸಮವಸ್ತ್ರ ಧರಿಸಬೇಕೇ ಬೇಡವೇ? ನಗು ತರಿಸುವಂಥ ಜಗಳ ಎನಿಸಬಹುದು. ಸಮವಸ್ತ್ರ ಇದ್ದರೆ ಅದು ಆಕ್ರಮಣದ ಮುಂದುವರಿಕೆ, ಇಲ್ಲದಿದ್ದರೆ ಗುತ್ತಿಗೆದಾರರ ಕೆಲಸ. ಈಜಿಪ್ಟಿನ ಹೊಸ ಆಡಳಿತಗಾರರು ಬೀದಿಯಲ್ಲಿ ಕಾಣಲು ಬಯಸದಿದ್ದದ್ದು ಖಾಕಿಯನ್ನೇ. ಎರಡನೆಯದು, ಯಾರ ಮೇಲೆ ದಾಳಿಯಾದರೆ ಸೇನೆ ಮರಳಬಹುದು? ಅರಬ್ ದೇಶಗಳ ಪಟ್ಟಿಗೆ ತುರ್ಕಿ ಸೇರಬೇಕೆಂದು ಬ್ರಿಟನ್ ಪಟ್ಟು ಹಿಡಿಯಿತು. ಹೊಸ ರಕ್ಷಣಾ ರೇಖೆ ಅಲ್ಲೇ ಹಾದುಹೋಗುತ್ತಿತ್ತಲ್ಲ.

1954ರ ಆರಂಭದಲ್ಲಿ ಕೊಡುಕೊಳ್ಳುವಿಕೆ ಕುದುರಿತು. ನಾಸೆರ್ ತುರ್ಕಿಗೆ ಒಪ್ಪಿದರು, ಬ್ರಿಟನ್ ಸಮವಸ್ತ್ರ ಬಿಟ್ಟಿತು. ಜುಲೈ 27ರಂದು ಯುದ್ಧ ಸಚಿವ ಆಂಟನಿ ಹೆಡ್, ಅಕ್ಟೋಬರ್ 19ರಂದು ವಿದೇಶಾಂಗ ಖಾತೆಯ ಕಿರಿಯ ಸಚಿವ ಆಂಥೊನಿ ನಟಿಂಗ್ ಸಹಿ ಹಾಕಿದರು. 20 ತಿಂಗಳಲ್ಲಿ ಸೇನೆ ತೆರವು. ಏಳು ವರ್ಷ ಖಾಸಗಿ ಗುತ್ತಿಗೆದಾರರಿಂದ ನೆಲೆಯ ನಿರ್ವಹಣೆ. ಈಜಿಪ್ಟ್, ಅರಬ್ ಲೀಗ್‌ನ ದೇಶಗಳು ಅಥವಾ ತುರ್ಕಿಯ ಮೇಲೆ ಹೊರಗಿನ ಶಕ್ತಿ ದಾಳಿ ಮಾಡಿದರೆ ಮರಳುವ ಹಕ್ಕು. ಒಂದೇ ವಾರದಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಈ ಒಪ್ಪಂದದ ಬಗ್ಗೆ ಮಾತಾಡುತ್ತಿದ್ದ ನಾಸೆರ್ ಮೇಲೆ ಗುಂಡು ಹಾರಿತು. ಮರಳುವ ಹಕ್ಕು ಕೊಟ್ಟದ್ದು ಮುಸ್ಲಿಂ ಬ್ರದರ್‌ಹುಡ್‌ಗೆ ದ್ರೋಹವಾಗಿ ಕಂಡಿತ್ತು. ಲಂಡನ್ನಿನ ಸೂಯೆಜ್ ಗುಂಪಿಗೆ ಶರಣಾಗತಿ, ಕೈರೋದ ಬ್ರದರ್‌ಹುಡ್‌ಗೆ ಮಾರಾಟ. ಒಪ್ಪಂದ ಎರಡೂ ಕಡೆಯ ಉಗ್ರರಿಗೆ ಬೇಡವಾಗಿತ್ತು ಎಂಬುದೇ ಅದರ ಸಮತೂಕಕ್ಕೆ ಸಾಕ್ಷಿ.

ಹಾಗಿದ್ದರೆ ಇದು ಆಕ್ರಮಣದ ಅಂತ್ಯವೇ? ಈಡನ್ ಲೆಕ್ಕದಲ್ಲಿ ಅಲ್ಲ. 80,000 ಸೈನಿಕರಿಂದ ಸಿಗುತ್ತಿದ್ದ ಪ್ರಭಾವವನ್ನು ಕೆಲವು ನೂರು ಮೆಕ್ಯಾನಿಕ್‌ಗಳಿಂದ, ಒಂದು ಕರಾರಿನಿಂದ, ಈಜಿಪ್ಟಿನ ಸ್ನೇಹದಿಂದ ಪಡೆಯುವ ಪ್ರಯೋಗ ಅದು. ಮೂರರಲ್ಲಿ ಕೊನೆಯದು ಬೇಗ ಕೈಕೊಟ್ಟಿತು. 1955ರಲ್ಲಿ ಬ್ರಿಟನ್ ಉತ್ತರದ ಸಾಲಿನ ದೇಶಗಳ ರಕ್ಷಣಾ ಕೂಟವಾದ ಬಾಗ್ದಾದ್ ಒಪ್ಪಂದ ಸೇರಿದಾಗ, ಬಾಗಿಲಿನಿಂದ ಹೊರಗೆ ಹೋದವರು ಕಿಟಕಿಯಿಂದ ಒಳಗೆ ಬರುತ್ತಿದ್ದಾರೆಂದು ನಾಸೆರ್‌ಗೆ ಅನ್ನಿಸಿತು.

ಮರುವರ್ಷ ಕರಾರೂ ಕೈಗೆ ಸಿಗಲಿಲ್ಲ. ಮರಳುವ ಹಕ್ಕನ್ನು ಬರೆದದ್ದು ಹೊರಗಿನವರ ದಾಳಿಯಿಂದ ಈಜಿಪ್ಟನ್ನು ರಕ್ಷಿಸಲು. 1956ರಲ್ಲಿ ಬ್ರಿಟನ್ ಯುದ್ಧ ಹೂಡಬೇಕಾದದ್ದು ಈಜಿಪ್ಟಿನ ಮೇಲೆಯೇ, ನೆಲೆಯ ಮದ್ದುಗುಂಡು ಈಜಿಪ್ಟಿನ ನೆಲದಲ್ಲೇ ಬಿದ್ದಿತ್ತು. ಬದಲಿಗೆ ಆರಿಸಿಕೊಂಡ ಸೈಪ್ರಸ್‌ನಲ್ಲಿ ದೊಡ್ಡ ಹಡಗುಪಡೆ ನಿಲ್ಲುವಂಥ ಬಂದರಿರಲಿಲ್ಲ. ದಂಡು ಮಾಲ್ಟಾದಿಂದ ಆರು ದಿನ ತೇಲಿಕೊಂಡು ಬರಬೇಕಾಯಿತು. ಅಷ್ಟರೊಳಗೆ ವಿಶ್ವಸಂಸ್ಥೆ, ಅಮೆರಿಕ, ಪೌಂಡಿನ ಕುಸಿತ ಎಲ್ಲ ಒಟ್ಟಾಗಿ ಬಂದವು. ಡಿಸೆಂಬರ್ 22ರಂದು ಬ್ರಿಟಿಷ್ ಸೇನೆ ಎರಡನೆಯ ಸಲ ಹೊರಟಿತು. 1957ರ ಜನವರಿ 1ರಂದು ಈಜಿಪ್ಟ್ 1954ರ ಒಪ್ಪಂದವನ್ನೇ ರದ್ದು ಮಾಡಿ, ಉಗ್ರಾಣಗಳನ್ನು ವಶಕ್ಕೆ ತೆಗೆದುಕೊಂಡಿತು.

ಸೈಪ್ರಸ್ಸಿನ ಕಥೆಗೆ ಇನ್ನೊಂದು ಮಗ್ಗುಲಿದೆ. ಸೂಯೆಜ್ ತೆರವಿನ ಸುದ್ದಿ ಸಂಸತ್ತಿಗೆ ಬಂದ 1954ರ ಜುಲೈ 28ರಂದೇ ವಸಾಹತು ಖಾತೆಯ ಸಚಿವ ಹೆನ್ರಿ ಹಾಪ್ಕಿನ್ಸನ್, ಸೈಪ್ರಸ್ ಕುರಿತು ಮಾತಾಡುತ್ತ, ಕಾಮನ್‌ವೆಲ್ತ್‌ನ ಕೆಲವು ಪ್ರದೇಶಗಳು ಎಂದೂ ಪೂರ್ಣ ಸ್ವಾತಂತ್ರ್ಯ ನಿರೀಕ್ಷಿಸುವಂತಿಲ್ಲ ಎಂದು ಹೇಳಿದ್ದರು. ಎಂಟು ತಿಂಗಳು ತುಂಬುವ ಮುಂಚೆಯೇ ಸೈಪ್ರಸ್‌ನಲ್ಲಿ ಗ್ರೀಕ್ ಉಗ್ರಗಾಮಿಗಳು ಬಾಂಬು ಹಾಕಲು ಸಿದ್ಧತೆ ನಡೆಸಿದ್ದರು. 1955ರ ಏಪ್ರಿಲ್ 1ಕ್ಕೆ ದಂಗೆ ಆರಂಭವಾಯಿತು. ಸೂಯೆಜ್‌ನಿಂದ ಬಿಡುಗಡೆಯಾದ ಪಡೆಗಳಿಗೆ ಅಲ್ಲೂ ಅದೇ ಕೆಲಸ ಕಾದಿತ್ತು, ತಮ್ಮ ನೆಲೆಯನ್ನು ತಾವೇ ಕಾಯುವುದು. 1960ರಲ್ಲಿ ದ್ವೀಪಕ್ಕೆ ಸ್ವಾತಂತ್ರ್ಯ ಕೊಡುವಾಗ ಬ್ರಿಟನ್ ಗಡುವಿರುವ ಕರಾರನ್ನು ನಂಬಲಿಲ್ಲ. ಅಕ್ರೋತಿರಿ ಮತ್ತು ಢೆಕೆಲಿಯಾ ಎಂಬ ಎರಡು ತುಂಡುಗಳನ್ನು, ಒಟ್ಟು 99 ಚದರ ಮೈಲಿ ನೆಲವನ್ನು, ತನ್ನದೇ ಸಾರ್ವಭೌಮ ಪ್ರದೇಶವೆಂದು ಗೆರೆ ಎಳೆದು ಉಳಿಸಿಕೊಂಡಿತು. 1936ರ ಒಪ್ಪಂದಕ್ಕೆ ಇದ್ದಂತೆ ಇಪ್ಪತ್ತು ವರ್ಷದ ಅವಧಿ ಅದಕ್ಕಿಲ್ಲ.